ಹನ್ನೆರಡನೇ ಹುಡುಗಿಗೆ ಏನು ಸಿಕ್ಕಿತು?

ನನ್ನ ಮನೆಯ ಗೋಡೆ ಮೇಲೆ ಒಂದು ಫೋಟೋ ಇದೆ. ಹನ್ನೆರಡು ಹುಡುಗಿಯರು, ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ನಾನು, ಎದುರಿಗೆ ಒಂದು ಕಪ್. ತಾಲ್ಲೂಕು ಮಟ್ಟದ ಖೋ ಖೋ ಗೆದ್ದ ದಿನ ತೆಗೆದದ್ದು. ಮನೆಗೆ ಬಂದವರು ಅದನ್ನು ನೋಡಿ ಕೇಳುವ ಪ್ರಶ್ನೆ ಒಂದೇ. "ಇವರಲ್ಲಿ ಯಾರಾದರೂ ಮುಂದೆ ಬಂದರಾ ಸರ್?"

ಇಬ್ಬರು ಬಂದರು. ಒಬ್ಬಳು ಪೊಲೀಸ್ ಕಾನ್‌ಸ್ಟೇಬಲ್ ಆದಳು. ಇನ್ನೊಬ್ಬಳು ದೈಹಿಕ ಶಿಕ್ಷಣ ಓದಿ ಶಿಕ್ಷಕಿಯಾದಳು. ಇಷ್ಟು ಹೇಳಿದರೆ ಬಂದವರಿಗೆ ಸಮಾಧಾನ. ಉಳಿದ ಹತ್ತು ಮಂದಿಯ ಸುದ್ದಿ ಯಾರೂ ಕೇಳುವುದಿಲ್ಲ.

ಆ ಫೋಟೋದ ಬಲತುದಿಯಲ್ಲಿ ಒಬ್ಬಳು ನಿಂತಿದ್ದಾಳೆ. ಜೆರ್ಸಿ ಅವಳಿಗಿಂತ ದೊಡ್ಡದು, ತೋಳು ಮೊಣಕೈ ದಾಟಿದೆ. ಖೋ ಖೋ ತಂಡದಲ್ಲಿ ಹನ್ನೆರಡು ಜನ, ಅಂಕಣಕ್ಕೆ ಇಳಿಯುವವರು ಒಂಬತ್ತು, ಹೊರಗೆ ಕೂರುವವರು ಮೂವರು. ಆ ಮೂವರಲ್ಲಿ ಇವಳು ಕೊನೆಯವಳು. ಆ ವರ್ಷ ಪೂರ್ತಿ ಒಂದು ಪಂದ್ಯದಲ್ಲೂ ಅಂಕಣಕ್ಕೆ ಇಳಿಯಲಿಲ್ಲ. ಎಲ್ಲರ ಚಪ್ಪಲಿಗಳನ್ನು ಒಂದು ಸಿಮೆಂಟ್ ಚೀಲಕ್ಕೆ ತುಂಬಿ ಕಾಯುತ್ತಿದ್ದಳು. ನೀರು ತರುತ್ತಿದ್ದಳು. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅಂಕ ಬರೆಯುತ್ತಿದ್ದಳು. ಈ ಆಟದಿಂದ ಅವಳಿಗೆ ಏನು ಸಿಕ್ಕಿತು? ಇವತ್ತು ನಾನು ಹೇಳಬೇಕಾದ್ದು ಅದನ್ನೇ. ಆದರೆ ಅದಕ್ಕೆ ಮೊದಲು ಒಂದೆರಡು ದೊಡ್ಡ ಕಥೆಗಳನ್ನು ಹೇಳಬೇಕು.

ನಾನು ಮೂವತ್ತೊಂದು ವರ್ಷ ಉತ್ತರ ಕನ್ನಡದ ಘಟ್ಟದ ಮೇಲಿನ ಶಾಲೆಗಳಲ್ಲಿ ಪಿ.ಟಿ. ಮಾಸ್ತರನಾಗಿದ್ದವನು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಹೋದವರಿಗೆ ಸಿದ್ದಿ ಜನರ ಪರಿಚಯ ಇರುತ್ತದೆ. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ಮಾಡಿ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆ ಆದವರು ಈ ಕಾಡು ಸೇರಿದರು. ಮನೆಯಲ್ಲಿ ಕೊಂಕಣಿ ಮಾತಾಡುತ್ತಾರೆ, ಕನ್ನಡ ನಮ್ಮ ನಿಮ್ಮಂತೆಯೇ ಬರುತ್ತದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಬಹಳ ಮನೆಗಳಿಗೆ ಸ್ವಂತ ಜಮೀನಿಲ್ಲ.

1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಂದು ಯೋಜನೆ ತಂದಿತು. ಹೆಸರು ಸ್ಪೆಷಲ್ ಏರಿಯಾ ಗೇಮ್ಸ್. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮವರೇ ಆದ ಮಾರ್ಗರೆಟ್ ಆಳ್ವಾ. ಕಾಡು, ಬೆಟ್ಟ, ಬುಡಕಟ್ಟುಗಳ ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ಸಾಮರ್ಥ್ಯ ಇದೆ, ಅದನ್ನು ಹುಡುಕಿ ತರಬೇತಿ ಕೊಟ್ಟರೆ ಪದಕ ಬರುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ. ರಾಜಸ್ಥಾನದ ಭಿಲ್ ಹುಡುಗ ಲಿಂಬಾ ರಾಮ್ ಬಿಲ್ಲುಗಾರಿಕೆಗೆ ಬಂದದ್ದು ಹೀಗೆಯೇ. ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದ ಹುಡುಗ ಮುಂದೆ ಒಲಿಂಪಿಕ್ಸ್‌ವರೆಗೆ ಹೋದ, 1992ರಲ್ಲಿ ವಿಶ್ವದಾಖಲೆ ಸರಿಗಟ್ಟಿದ. ನಮ್ಮ ಕಡೆ ಕಣ್ಣು ಬಿದ್ದದ್ದು ಸಿದ್ದಿ ಮಕ್ಕಳ ಮೇಲೆ. ಆಫ್ರಿಕಾ ಮೂಲದವರು, ಓಟ ಇವರ ರಕ್ತದಲ್ಲೇ ಇರಬೇಕು ಎಂದು ಲೆಕ್ಕ ಹಾಕಿದರು.

ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದುಕೊಂಡು ಹೋದರು. ಹೊಟ್ಟೆ ತುಂಬ ಊಟ, ಹಾಸಿಗೆ, ಬೂಟು, ಶಾಲೆ. ಎಷ್ಟೋ ಮಕ್ಕಳು ಮೊದಲ ಸಲ ರೈಲು ಹತ್ತಿದ್ದು ಆಗಲೇ. ಕೆಲವರು ನಿಜಕ್ಕೂ ಮೇಲೆ ಬಂದರು. ಹರ್ಡಲ್ಸ್‌ನಲ್ಲಿ ಕಮಲಾ ಮಿಂಗೇಲ್ ಸಿದ್ದಿ ದೇಶದ ಮಟ್ಟದಲ್ಲಿ ಹೆಸರು ಮಾಡಿದರು. ಆಮೇಲೆ, ಇನ್ನೇನು ಫಲ ಕಾಣಬೇಕು ಅನ್ನುವ ಹೊತ್ತಿಗೆ, 1990ರ ದಶಕದ ಮೊದಲ ವರ್ಷಗಳಲ್ಲೇ ಸಿದ್ದಿ ಮಕ್ಕಳ ಪಾಲಿಗೆ ಆ ಯೋಜನೆ ನಿಂತುಹೋಯಿತು.

ಸ್ವಲ್ಪ ಯೋಚನೆ ಮಾಡಿ ನೋಡಿ. ಹದಿನಾಲ್ಕು ಹದಿನೈದು ವರ್ಷದ ಹುಡುಗ. ಊರು ಬಿಟ್ಟು ಮೂರು ನಾಲ್ಕು ವರ್ಷ ಆಗಿದೆ. ಬೆಳಿಗ್ಗೆ ಐದಕ್ಕೆ ಎದ್ದು ಓಡುವುದು ಅಭ್ಯಾಸ ಆಗಿದೆ. ಒಂದು ದಿನ ಅವನ ಟ್ರಂಕು ಅವನ ಕೈಗೆ ಬರುತ್ತದೆ. ಊರಿಗೆ ಬಂದರೆ ಓಡಲು ಟ್ರ್ಯಾಕ್ ಇಲ್ಲ. ಕಾಡಿನ ಕೆಲಸ, ಜೇನು ತೆಗೆಯುವ ಕೆಲಸ ಅಣ್ಣನಷ್ಟು ಬರುವುದಿಲ್ಲ. ಓದು ಅರ್ಧಕ್ಕೆ ನಿಂತಿದೆ. ಇಲ್ಲಿಗೂ ಸಲ್ಲದವನು, ಅಲ್ಲಿಗೂ ಸಲ್ಲದವನು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಅಂಥ ಒಬ್ಬರು ಗದ್ದೆ ಬದಿಯಲ್ಲಿ ಕೂತು ನನಗೆ ಸ್ಪೈಕ್ ಬೂಟು ಹೇಗೆ ಕಟ್ಟಬೇಕೆಂದು ತೋರಿಸಿದ್ದರು. ಬೂಟು ನನ್ನದು, ಕೈ ಅವರದ್ದು. ದಾರ ಬಿಗಿ ಮಾಡುವಾಗ ಅವರ ಬೆರಳು ಎಷ್ಟು ಚುರುಕಾಗಿ ಓಡಿತು ಅಂದರೆ, ಆ ಬೆರಳುಗಳಿಗೆ ಇನ್ನೂ ಮರೆತಿಲ್ಲ ಅನ್ನುವುದು ನನಗೆ ಕಾಣಿಸಿತು. ಕಟ್ಟಿ ಮುಗಿಸಿ ಒಂದು ಸಲ ಬೂಟಿನ ತಳ ತಟ್ಟಿ ನನ್ನ ಕೈಗೆ ಕೊಟ್ಟು ಎದ್ದು ಹೋದರು.

ತಪ್ಪು ಎಲ್ಲಿ ಆಯಿತು? ದುಡ್ಡು ಸಾಲಲಿಲ್ಲ, ಆಡಳಿತ ಬದಲಾಯಿತು ಎಂದು ಹೇಳಬಹುದು. ನನ್ನ ಪ್ರಕಾರ ತಪ್ಪು ಮೊದಲ ದಿನವೇ ಆಗಿತ್ತು. ಅವರು ಕಾಲು ನೋಡಿದರು, ಮಗುವನ್ನು ನೋಡಲಿಲ್ಲ. ಪದಕ ಬರುವುದಾದರೆ ಮಾತ್ರ ಈ ಮಗು ಬೇಕು ಅಂತ ಮೊದಲೇ ತೀರ್ಮಾನ ಮಾಡಿದರೆ, ಪದಕ ತಡವಾದ ದಿನ ಮಗು ಭಾರ ಆಗುತ್ತದೆ. ಅಲ್ವಾ? ಇನ್ನೊಂದು ಮಾತು. ಆ ಜನರಿಗೆ ಓಟ ಬಿಟ್ಟು ಬೇರೆ ಏನು ಬೇಕಿತ್ತು ಅನ್ನುವುದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಂದರೆ ಮಕ್ಕಳನ್ನು ಓಡಿಸಿದ ಎಷ್ಟೋ ವರ್ಷಗಳ ನಂತರ ಅವರ ಹಕ್ಕಿನ ಕಾಗದ ಬಂತು.

ಈಗ ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಅನ್ನುವ ಸಂಸ್ಥೆ ಅಥ್ಲೆಟಿಕ್ಸ್ ತರಬೇತಿ ನಡೆಸುತ್ತಿದೆ. ಸಿದ್ದಿ ಮಕ್ಕಳಿದ್ದಾರೆ, ಗೌಳಿ ಮಕ್ಕಳಿದ್ದಾರೆ, ಬೇರೆಯವರೂ ಇದ್ದಾರೆ. ನನಗೆ ಅದರಲ್ಲಿ ಇಷ್ಟವಾದ ಸಂಗತಿ ಅದು ಮುಂಡಗೋಡದಲ್ಲೇ ಇದೆ ಅನ್ನುವುದು. ಮಗುವಿಗೆ ಜ್ವರ ಬಂದರೆ ಅವ್ವ ಸಂಜೆಯೊಳಗೆ ಬಂದು ಮುಟ್ಟಬಹುದು.

ಈಗ ರಂಗಭೂಮಿಯ ಕಡೆ ಬರೋಣ. ಪಿ.ಟಿ. ಮಾಸ್ತರನಿಗೆ ನಾಟಕದ ಸಹವಾಸ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂದರೆ ಪಿ.ಟಿ. ಮಾಸ್ತರನೇ ನಾಟಕದ ಮಾಸ್ತರ, ಡ್ಯಾನ್ಸ್ ಮಾಸ್ತರ, ಪೆಂಡಾಲ್ ಕಟ್ಟಿಸುವವನು, ಎಲ್ಲಾ. ಹಾಗಾಗಿ ಎರಡೂ ನನ್ನ ತಲೆಗೇ ಬಂದವು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ನನಗೆ ಸಿಕ್ಕಿತು.

ಬಡ ಮಕ್ಕಳಿಗೆ ಕಲೆಯಿಂದ ದಾರಿ ಮಾಡಿಕೊಡುವ ಕೆಲಸ ಹೊಸದೇನಲ್ಲ. ನಮ್ಮ ನಾಟಕ ಕಂಪನಿಗಳು ಅದನ್ನು ನೂರು ವರ್ಷಗಳ ಹಿಂದೆಯೇ ಮಾಡುತ್ತಿದ್ದವು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಗಾಜನೂರಿನಿಂದ ಬಂದ ಒಬ್ಬ ಹುಡುಗ, ಪ್ರಾಥಮಿಕ ಶಾಲೆಯನ್ನೂ ಮುಗಿಸದವನು, ಅಪ್ಪನ ಜೊತೆ ಅಲ್ಲಿ ಸಣ್ಣ ಪುಟ್ಟ ಪಾತ್ರ ಮಾಡುತ್ತಾ ಬೆಳೆದ. ಮುಂದೆ ನಾವೆಲ್ಲ ಅವರನ್ನು ಡಾ. ರಾಜ್‌ಕುಮಾರ್ ಅಂದೆವು. ಅವರ ಕನ್ನಡದ ಉಚ್ಚಾರಣೆ ಕೇಳಿ ಪಂಡಿತರೂ ತಲೆದೂಗುತ್ತಿದ್ದರು. ಆ ಕನ್ನಡ ಬಂದದ್ದು ಶಾಲೆಯಿಂದಲ್ಲ, ಕಂದಪದ್ಯ ಬಾಯಿಪಾಠ ಮಾಡಿಸುತ್ತಿದ್ದ ಕಂಪನಿಯಿಂದ.

ರಾಜ್‌ಕುಮಾರ್ ಹುಟ್ಟಿದ 1929ರಲ್ಲೇ ಹುಟ್ಟಿದ ಇನ್ನೊಬ್ಬ ಹುಡುಗ ಬಂಟ್ವಾಳದ ಹತ್ತಿರದ ಮಂಚಿಯವನು. ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ. ಈ ಹುಡುಗನಿಗೆ ಓದಿನ ಹುಚ್ಚು ಇದೆ ಅಂತ ಕಂಪನಿಯ ಯಜಮಾನ ಗುಬ್ಬಿ ವೀರಣ್ಣನವರಿಗೆ ಗೊತ್ತಾಯಿತು. ಅವರು ಏನು ಮಾಡಿದರು ಗೊತ್ತಾ? ಕಂಪನಿಯಲ್ಲೇ ಇಟ್ಟುಕೊಳ್ಳಲಿಲ್ಲ. ಕಾಶಿಗೆ ಎಂ.ಎ. ಓದಲು ಕಳಿಸಿದರು. ಅವರೇ ಬಿ.ವಿ. ಕಾರಂತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ಶಾಲೆಯ ನಿರ್ದೇಶಕರೂ ಆದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರಿಗೆ ತಿಂಗಳ ಸಂಬಳ ಕೊಟ್ಟು, ನಟನೆಯೇ ನಿಮ್ಮ ಕೆಲಸ ಎಂದರು.

ಆ ರಂಗಾಯಣದ ಮೊದಲ ತಂಡದಲ್ಲಿ ಹುಲುಗಪ್ಪ ಕಟ್ಟೀಮನಿ ಇದ್ದರು. ಅವರು ಎರಡು ದಶಕಕ್ಕೂ ಜಾಸ್ತಿ ಕಾಲ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿದ್ದಾರೆ. ಮ್ಯಾಕ್‌ಬೆತ್ ಕಥೆಯ ಕನ್ನಡ ರೂಪವನ್ನು ಮೈಸೂರು ಜೈಲಿನ ಕೈದಿಗಳು ಆಡಿದ್ದಾರೆ, ಜೈಲಿನ ಹೊರಗೆ ಬಂದೂ ಆಡಿದ್ದಾರೆ. ಕೈಗೆ ಅಂಟಿದ ರಕ್ತ ತೊಳೆದರೂ ಹೋಗುವುದಿಲ್ಲ ಅನ್ನುವ ಕಥೆ ಅದು. ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವರು ಅದನ್ನು ಆಡಿದರೆ ಹೇಗಿರಬಹುದು ಎಂದು ನಾನು ವಿವರಿಸಿ ಹೇಳಬೇಕಾಗಿಲ್ಲ.

ಈ ಸರಪಳಿ ನೋಡಿ. ಒಬ್ಬ ಓಡಿ ಬಂದ ಹುಡುಗನಿಗೆ ಗುಬ್ಬಿ ವೀರಣ್ಣ ಕಾಶಿಯ ಖರ್ಚು ಕೊಟ್ಟರು. ಅದು ಮೂರು ತಲೆಮಾರು ದಾಟಿ ಜೈಲಿನ ಒಳಗೆ ಕೂತವನವರೆಗೆ ಮುಟ್ಟಿತು. ವೀರಣ್ಣನವರಿಗೆ ಇದು ಮೊದಲೇ ಗೊತ್ತಿತ್ತಾ? ಇರಲಿಕ್ಕಿಲ್ಲ. ಅವರು ಆ ಹುಡುಗನನ್ನು ಕೇವಲ ಒಬ್ಬ ಪಾತ್ರಧಾರಿ ಅಂತ ನೋಡಲಿಲ್ಲ. ಅವನಿಗೆ ಏನು ಬೇಕು ಅಂತ ನೋಡಿದರು, ಅಷ್ಟೇ.

ಹಾಗಂತ ಕಂಪನಿ ಕಾಲ ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಮಳೆಗಾಲ ಬಂದರೆ ಸಂಬಳ ಇಲ್ಲ. ಎಷ್ಟೋ ಕಲಾವಿದರು ಮುಪ್ಪಿನಲ್ಲಿ ಔಷಧಿಗೂ ಕಾಸಿಲ್ಲದೆ ಹೋದರು. ಹೆಣ್ಣುಮಕ್ಕಳು ರಂಗಕ್ಕೆ ಬಂದರೆ ಊರು ಅವರನ್ನು ಯಾವ ಕಣ್ಣಲ್ಲಿ ನೋಡಿತು ಅನ್ನುವುದು ಎಲ್ಲರಿಗೂ ಗೊತ್ತಿದೆ.

ಈಗ ಮತ್ತೆ ಸಿದ್ದಿಗಳ ಹತ್ತಿರ ಬರುತ್ತೇನೆ. ಕ್ರೀಡೆಯ ಯೋಜನೆ ಬಂದ ಅದೇ 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಗೆ ಇನ್ನೊಂದು ಬಾಗಿಲಿನಿಂದ ಬೇರೆಯವರು ಬಂದರು. ಹೆಗ್ಗೋಡಿನ ನೀನಾಸಂನವರು. ಸಾಗರದ ಹತ್ತಿರದ ಆ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ಸಂಘ ಅದು. 1980ರಲ್ಲಿ ಅಲ್ಲೊಂದು ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀನಾಸಂ ತಂಡದವರು ಸಿದ್ದಿಗಳ ಜೊತೆ ಕೂತು ನಾಟಕ ಕಟ್ಟಿದರು. ಕಥೆ ನೈಜೀರಿಯಾದ ಚಿನುವಾ ಅಚೆಬೆಯವರದ್ದು. ಬಿಳಿಯರು ಬಂದ ಮೇಲೆ ಆಫ್ರಿಕಾದ ಒಂದು ಹಳ್ಳಿ ಹೇಗೆ ಒಡೆದುಹೋಯಿತು ಅನ್ನುವ ಕಥೆ. ಅದನ್ನು ಸಿದ್ದಿಗಳೇ ಕನ್ನಡದಲ್ಲಿ ಆಡಿದರು.

ಇಲ್ಲೂ ಆಫ್ರಿಕಾದ ನೆಂಟಸ್ತನವೇ ಮುಖ್ಯ. ಆದರೆ ಎಷ್ಟು ವ್ಯತ್ಯಾಸ ನೋಡಿ. ಅಲ್ಲಿ ಆಫ್ರಿಕಾ ಅಂದರೆ ಬಲವಾದ ಸ್ನಾಯು. ಇಲ್ಲಿ ಆಫ್ರಿಕಾ ಅಂದರೆ ಒಂದು ಕಥೆ, ಒಂದು ನೆನಪು, ಒಂದು ಮಾತು. ಅಲ್ಲಿ ಬೇಕಾಗಿದ್ದು ಹದಿನೈದು ವರ್ಷದೊಳಗಿನವರು ಮಾತ್ರ. ಇಲ್ಲಿ ಅಜ್ಜನೂ ಬೇಕು, ಡಮಾಮಿ ಬಾರಿಸುವವನೂ ಬೇಕು, ಪುಗಡಿ ಕುಣಿಯುವ ಹೆಂಗಸರೂ ಬೇಕು. ಮಂಚೀಕೇರಿಯ ಗಿರಿಜಾ ಸಿದ್ದಿ ಮುಂದೆ ನೀನಾಸಂನಲ್ಲಿ ಕಲಿತು ನಟಿಯಾದರು, ಹಾಡುಗಾರ್ತಿಯಾದರು. ನಮ್ಮ ಶಾಲೆಯ ಸಿದ್ದಿ ಹುಡುಗಿಯರು ಅವರ ಹೆಸರು ಹೇಳುವಾಗ ನೆಟ್ಟಗೆ ಕೂತು ಹೇಳುತ್ತಿದ್ದರು.

ಆಟ ಕೆಟ್ಟದ್ದು, ನಾಟಕ ಒಳ್ಳೆಯದು ಅಂತ ಹೇಳಿದರೆ ನನ್ನ ಸೀಟಿಗೆ ನಾನೇ ದ್ರೋಹ ಮಾಡಿದಂತೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಕೃಷಿ ಕುಟುಂಬದವರು. ಕಬಡ್ಡಿ ಆಡಿ ರೈಲ್ವೆ ಕೆಲಸ ಹಿಡಿದರು, ಏಷ್ಯನ್ ಗೇಮ್ಸ್ ಚಿನ್ನ ತಂದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿದಾಗ ಅವರೂ ಪುರುಷರ ತಂಡದ ಎಂ.ಕೆ. ಗೌತಮ್ ಅವರೂ ಅದನ್ನು ಒಪ್ಪಲಿಲ್ಲ. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಹಣ, ಜೊತೆಗೆ ಕೆಲಸ ಕೊಡುವಾಗ ನಮಗೇಕೆ ಇಷ್ಟು ಅನ್ನುವುದು ಅವರ ಪ್ರಶ್ನೆ. ಕೆಲವರಿಗೆ ಅದು ದುರಾಸೆ ಅಂತ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಖೋ ಖೋ ಆಡುವವರು ಬಹುಪಾಲು ಬಡವರ ಮನೆಯ ಮಕ್ಕಳು. ಬ್ಯಾಟು ಬೇಡ, ರ‍್ಯಾಕೆಟ್ ಬೇಡ, ಎರಡು ಕಂಬ ನೆಟ್ಟರೆ ಆಟ. ಬಡವರ ಆಟಕ್ಕೆ ಕಡಿಮೆ ಬೆಲೆ ಯಾಕೆ ಅಂತ ಆ ಇಬ್ಬರು ಕೇಳಿದರು. ಯಾರಾದರೂ ಕೇಳಲೇಬೇಕಿತ್ತು.

ಇಲ್ಲಿ ಸ್ವಲ್ಪ ಪಕ್ಕದ ದಾರಿಗೆ ಹೋಗುತ್ತೇನೆ. ನಮ್ಮ ಯಕ್ಷಗಾನದ ಚೌಕಿಯನ್ನು ನೋಡಿದ್ದೀರಾ? ಬಣ್ಣ ಹಚ್ಚಿಕೊಳ್ಳುವ ಜಾಗ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕೋಡಂಗಿ ವೇಷ ಹಾಕುತ್ತಾನೆ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತು ಅದು. ತಪ್ಪು ಹೆಜ್ಜೆ ಹಾಕಿದರೂ ಯಾರೂ ಬೈಯುವುದಿಲ್ಲ. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಆಮೇಲೆ ಸಣ್ಣ ಪಾತ್ರ, ಹಾಗೇ ಮೇಲೆ. ಹತ್ತಲು ಮೆಟ್ಟಿಲು ಇದೆ, ಪ್ರತಿ ಮೆಟ್ಟಿಲಲ್ಲೂ ರಾತ್ರಿ ಊಟ ಇದೆ. ಕುಣಿಯಲು ಬಾರದವನಿಗೆ ಚಂಡೆ ಇದೆ, ಪೆಟ್ಟಿಗೆ ಹೊರುವ ಕೆಲಸ ಇದೆ, ವೇಷ ಕಟ್ಟುವ ಕೆಲಸ ಇದೆ. ಇಂಥ ಮೆಟ್ಟಿಲು ನಮ್ಮ ಕ್ರೀಡೆಯಲ್ಲಿ ಎಲ್ಲಿದೆ? ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೆಟ್ಟಿಲಿದೆ ನಿಜ. ಆದರೆ ಅದು ಪ್ರತಿ ಹಂತದಲ್ಲೂ ಮಕ್ಕಳನ್ನು ಕೆಳಗೆ ಬಿಡುವ ಮೆಟ್ಟಿಲು. ಸೋತ ತಂಡಕ್ಕೆ ಅವತ್ತಿನ ಊಟದ ಕೂಪನ್ ಮುಗಿದರೆ ಎಲ್ಲಾ ಮುಗಿಯಿತು.

ಚೌಕಿಯ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ, ಅದನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಬಹಳ ಕಾಲ ಅದು ಮುಚ್ಚಿತ್ತು, ಎಷ್ಟೋ ಜಾತಿಗಳಿಗೂ ಮುಚ್ಚಿತ್ತು. ಈಗ ಉಡುಪಿ ಕಡೆ ಶಾಲೆಗಳಲ್ಲಿ ಹುಡುಗಿಯರು ಕಿರೀಟ ಕಟ್ಟಿ ಕುಣಿಯುವುದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತದೆ. ಮಂಜಮ್ಮ ಜೋಗತಿಯವರನ್ನೂ ನೆನೆಯಬೇಕು. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ ಬದುಕಿದವರು. ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ಕುಣಿತ ಕಲಿತರು. ಅದೇ ಕುಣಿತ ಅವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರ ಕುರ್ಚಿಗೆ ಕರೆದುಕೊಂಡು ಹೋಯಿತು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನೀವೆಲ್ಲ ನೋಡಿರುತ್ತೀರಿ.

ಇನ್ನು ನಮ್ಮ ನಿಮ್ಮ ಶಾಲೆಗೆ ಬರೋಣ. ಇಲ್ಲಿ ಬಹಳ ಮಂದಿ ಶಿಕ್ಷಕರಿದ್ದೀರಿ, ಯುವಕ ಸಂಘದವರೂ ಇದ್ದೀರಿ. ನಾನು ಕಂಡ ನಾಲ್ಕು ಮಾತು ಹೇಳುತ್ತೇನೆ.

ಪ್ರತಿಭಾ ಕಾರಂಜಿ ಒಳ್ಳೆಯ ಕಾರ್ಯಕ್ರಮ. ಆದರೆ ಛದ್ಮವೇಷಕ್ಕೆ ಬಾಡಿಗೆ ಬಟ್ಟೆ ತರಲು ಕೂಲಿ ಮಾಡುವ ಅಪ್ಪ ಎರಡು ದಿನದ ಕೂಲಿ ಕೊಡಬೇಕಾದರೆ ಅದು ಯಾರ ಪ್ರತಿಭೆ? ಮನೆಯಲ್ಲಿ ಇದ್ದದ್ದರಲ್ಲೇ ವೇಷ ಕಟ್ಟಬೇಕು ಅಂತ ನಮ್ಮ ಶಾಲೆಯಲ್ಲಿ ನಿಯಮ ಮಾಡಿದೆವು. ಒಬ್ಬ ಹುಡುಗ ಅಡಿಕೆ ಹಾಳೆ, ಗೋಣಿ ತಟ್ಟು, ಹಳೇ ಸೈಕಲ್ ಟ್ಯೂಬು ಸೇರಿಸಿ ಮಾಡಿದ ಜಟಾಯು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ರೆಕ್ಕೆ ಮುರಿಯುವ ಹೊತ್ತಿಗೆ ಹಾಳೆಯನ್ನು ಒಳಗಿನಿಂದ ಮಡಚುತ್ತಿದ್ದ, ಟಪ್ ಅಂತ ಸದ್ದು ಬರುತ್ತಿತ್ತು.

ಎರಡನೆಯದು ಹೊಟ್ಟೆ. ಬೆಳಿಗ್ಗೆ ಬರೀ ಚಹಾ ಕುಡಿದು ಬಂದ ಮಗುವನ್ನು ಮೈದಾನದಲ್ಲಿ ಎರಡು ಸುತ್ತು ಓಡಿಸುವುದು ಪಾಪ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ, ಬೇಡದವರಿಗೆ ಬಾಳೆಹಣ್ಣು. ನನ್ನ ಕಾಲದಲ್ಲಿ ಅದು ಇದ್ದಿದ್ದರೆ ಎಂದು ಬಹಳ ಸಲ ಅಂದುಕೊಂಡಿದ್ದೇನೆ. ನಾವು ಶೇಂಗಾ ಬೆಲ್ಲ ಕೊಡುತ್ತಿದ್ದೆವು. ಶೇಂಗಾ ಚೀಲವನ್ನು ಊರಿನ ಅಂಗಡಿಯವರೇ ಕೊಡುತ್ತಿದ್ದರು, ಯಾವತ್ತೂ ಬೋರ್ಡು ಹಾಕಿ ಅಂತ ಕೇಳಲಿಲ್ಲ.

ಮೂರನೆಯದು ನನ್ನ ತಪ್ಪು. ಒಬ್ಬ ಹುಡುಗ 800 ಮೀಟರ್ ಚೆನ್ನಾಗಿ ಓಡುತ್ತಿದ್ದ. ಹತ್ತನೇ ಕ್ಲಾಸು. ರಾಜ್ಯ ಮಟ್ಟಕ್ಕೆ ಹೋಗುತ್ತಾನೆ ಅನ್ನುವ ಆಸೆಯಲ್ಲಿ ಡಿಸೆಂಬರ್‌ವರೆಗೆ ಅವನ ಗಣಿತದ ಕ್ಲಾಸು ತಪ್ಪಿಸಿ ಓಡಿಸಿದೆ. ವಿಭಾಗ ಮಟ್ಟದಲ್ಲಿ ನಾಲ್ಕನೆಯವನಾದ. ಗಣಿತದಲ್ಲಿ ಫೇಲಾದ. ಅವನ ಅವ್ವ ಶಾಲೆಗೆ ಬಂದು ನನ್ನನ್ನು ಬೈಯಲಿಲ್ಲ. "ಮಾಸ್ತರ್ರೇ, ಇನ್ನೊಂದು ವರ್ಷ ಫೀಸು ಕಟ್ಟಬೇಕಾ?" ಅಂತ ಮಾತ್ರ ಕೇಳಿದಳು. ಆ ದಿನದಿಂದ ಗಣಿತದ ಅವಧಿಯಲ್ಲಿ ಯಾವ ಮಗುವನ್ನೂ ನಾನು ಹೊರಗೆ ಕರೆಯಲಿಲ್ಲ. ಆ ಹುಡುಗ ಮರುವರ್ಷ ಪಾಸಾದ, ಐ.ಟಿ.ಐ. ಮಾಡಿದ. ಆದರೂ ಆ ಒಂದು ವರ್ಷ ನಾನು ತಿಂದದ್ದು, ಅದು ನನ್ನ ಲೆಕ್ಕದಲ್ಲೇ ಇದೆ.

ನಾಲ್ಕನೆಯದು, ವೇದಿಕೆ ಮೇಲೆ ಬಾರದ ಮಕ್ಕಳು. ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಪಾತ್ರ ಬೇಡ ಅಂತ ಅತ್ತ. ಸರಿ, ಲೈಟು ನೋಡಿಕೋ ಎಂದೆ. ನಮ್ಮ ಹತ್ತಿರ ಇದ್ದದ್ದು ಎರಡು ಹ್ಯಾಲೊಜನ್ ದೀಪ, ಕೆಂಪು ನೀಲಿ ಜಿಲೆಟಿನ್ ಕಾಗದ. ಅವನು ಪೂರ್ತಿ ನಾಟಕ ಬಾಯಿಪಾಠ ಮಾಡಿಕೊಂಡ. ಯಾವ ಮಾತಿಗೆ ದೀಪ ಆರಬೇಕು ಅಂತ ಗೊತ್ತಾಗಬೇಕಲ್ಲ! ರಿಹರ್ಸಲ್‌ನಲ್ಲಿ ಒಬ್ಬಳು ಮಾತು ಮರೆತು ನಿಂತಾಗ ಪರದೆ ಹಿಂದಿನಿಂದ ಇವನೇ ಹೇಳಿಕೊಟ್ಟ. ತೊದಲಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಆಮೇಲೆ ಯಾರೂ ಏನೂ ಹೇಳದೆ ನಾಟಕ ಮುಂದುವರಿಸಿದರು. ಆ ಮಕ್ಕಳ ಜಾಣತನಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಈಗ ಅವನು ಮದುವೆ, ಜಾತ್ರೆಗಳಿಗೆ ಸೌಂಡು ಲೈಟು ಹಾಕುತ್ತಾನೆ. ಮೂರು ಜನಕ್ಕೆ ಕೆಲಸ ಕೊಟ್ಟಿದ್ದಾನೆ.

ಈಗ ಆ ಹನ್ನೆರಡನೇ ಹುಡುಗಿ.

ಅವಳ ಹಳ್ಳಿ ಶಾಲೆಯಿಂದ ಹನ್ನೊಂದು ಕಿಲೋಮೀಟರ್. ಸಂಜೆ ಬಸ್ಸು ಐದೂಕಾಲಿಗೆ ಹೊರಡುತ್ತಿತ್ತು. ಶಾಲೆ ಬಿಡುವುದು ನಾಲ್ಕೂವರೆಗೆ. ಅಂದರೆ ಆ ಕಡೆಯ ಐದು ಹುಡುಗಿಯರಿಗೆ ಅಭ್ಯಾಸಕ್ಕೆ ಸಿಗುವುದು ಅರ್ಧ ಗಂಟೆ. ಅವಳು ಹನ್ನೆರಡನೆಯವಳಾಗಿ ಉಳಿಯಲು ಮುಖ್ಯ ಕಾರಣ ಆ ಬಸ್ಸು. ಇದು ನನಗೆ ಹೊಳೆದದ್ದು ಬಹಳ ತಡವಾಗಿ. ಹುಡುಗಿ ನಿಧಾನ ಅಂದುಕೊಂಡಿದ್ದೆ. ಬಸ್ಸು ಬೇಗ ಅಂತ ಅವಳೇ ಹೇಳಿದಳು.

ಜಿಲ್ಲಾ ಮಟ್ಟದಲ್ಲಿ ಸೋತು ಬರುವಾಗ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಳು. "ಸರ್, ಒಂದು ಅರ್ಜಿ ಬರೀಲಾ?" ಅಂದಳು. ಅಂಕ ಬರೆಯುತ್ತಿದ್ದ ಅದೇ ನೋಟ್‌ಬುಕ್ಕಿನಲ್ಲಿ ಬರೆದಳು. ಇಂಥ ಹಳ್ಳಿಗಳಿಂದ ಇಷ್ಟು ಮಕ್ಕಳು, ಇಂತಿಷ್ಟು ಹೊತ್ತಿಗೆ ಶಾಲೆ ಬಿಡುತ್ತದೆ, ಬಸ್ಸು ಆರಕ್ಕೆ ಹೊರಟರೆ ನಮಗೆ ಆಡಲು ಸಮಯ ಸಿಗುತ್ತದೆ. ಬರೀ ಲೆಕ್ಕ, ಬೇಡಿಕೊಳ್ಳುವ ಮಾತು ಒಂದೂ ಇಲ್ಲ. ಮನೆ ಮನೆಗೆ ಹೋಗಿ ಸಹಿ ಮಾಡಿಸಿದಳು, ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿದಳು. ಅವಳ ಅಪ್ಪ ಮೊದಲು ಒಪ್ಪಲಿಲ್ಲ. "ಹುಡುಗಿ ಚಡ್ಡಿ ಹಾಕಿಕೊಂಡು ಓಡೋದೇ ಬೇಡ ಅಂದರೆ ಬಸ್ಸು ಯಾಕೆ ಮಾಸ್ತರ್ರೇ" ಎಂದರು. ಉದ್ದ ಪ್ಯಾಂಟು ಹಾಕಿ ಆಡಬಹುದು ಎಂದು ನಾನು ಹೇಳಿದೆ. ಕತ್ತಲಾದರೆ ಯಾರು ಜವಾಬ್ದಾರಿ ಎಂದರು. ನಾನೂ ಅದೇ ಬಸ್ಸಿನಲ್ಲಿ ಬರುತ್ತೇನೆ ಎಂದೆ. ಆಗ ಸಹಿ ಮಾಡಿದರು.

ಡಿಪೋಗೆ ನಾವು ಮೂರು ಸಲ ಹೋದೆವು. ಮೊದಲ ಸಲ ಸಾಹೇಬರು ಇಲ್ಲ. ಎರಡನೇ ಸಲ ಅರ್ಜಿ ಎಲ್ಲೋ ಕಳೆದಿದೆ. ಅವಳು ಚೀಲದಿಂದ ಇನ್ನೊಂದು ಪ್ರತಿ ತೆಗೆದು ಕೊಟ್ಟಳು. ಮೊದಲೇ ಎರಡು ಬರೆದಿಟ್ಟಿದ್ದಳು, ನನಗೂ ಹೇಳಿರಲಿಲ್ಲ. ಮೂರನೇ ಸಲ ಹೋದಾಗ ಅಲ್ಲಿನವರು ಕೂರಲು ಹೇಳಿದರು. ನನಗಲ್ಲ, ಅವಳಿಗೆ.

ಅವಳು ಪದಕ ತರಲಿಲ್ಲ, ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಲಿಲ್ಲ. ಪಿ.ಯು.ಸಿ. ಮುಗಿಸಿ ಮದುವೆಯಾದಳು. ಎರಡು ವರ್ಷದ ಹಿಂದೆ ಅವಳ ಅತ್ತೆಗೆ ಹುಷಾರಿಲ್ಲದಾಗ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಬ್ಬಳೇ ಕರೆದುಕೊಂಡು ಹೋಗಿ, ಎಲ್ಲಾ ಕಾಗದ ಮಾಡಿಸಿ, ಆಪರೇಷನ್ ಮುಗಿಸಿಕೊಂಡು ಬಂದಳು. ಊರಿನವರು ಈಗ ಯಾವ ಅರ್ಜಿ ಇದ್ದರೂ ಅವಳ ಹತ್ತಿರ ಹೋಗುತ್ತಾರಂತೆ.

ಬಸ್ಸು ಆರಕ್ಕೆ ಹೊರಡಲು ಶುರುವಾದದ್ದು ಅವಳು ಶಾಲೆ ಬಿಟ್ಟ ಮರುವರ್ಷ ಜೂನ್‌ನಲ್ಲಿ. ಆ ವರ್ಷ ಆ ಹಳ್ಳಿಗಳ ಕಡೆಯಿಂದ ಖೋ ಖೋಗೆ ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟರು. ನಾನು ಅವಳ ಅಪ್ಪನಿಗೆ ಕೊಟ್ಟ ಮಾತಿನಂತೆ ದಿನಾ ಅದೇ ಬಸ್ಸಿನಲ್ಲಿ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿದ್ದೆ. ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಹತ್ತು ನಿಮಿಷ ಎಂಜಿನ್ ನಿಲ್ಲಿಸುತ್ತಿದ್ದರು. ಕತ್ತಲಲ್ಲಿ ಹುಡುಗಿಯರು ಬೇರೆ ಬೇರೆ ಕಾಲುದಾರಿ ಹಿಡಿದು ಮನೆ ಕಡೆ ಹೋಗುತ್ತಾ, ಒಬ್ಬಳ ಬೆನ್ನಿಗೆ ಒಬ್ಬಳು "ಖೋ" ಅಂತ ಕೂಗುತ್ತಿದ್ದರು. ಎಲ್ಲಾ ಮನೆ ಮುಟ್ಟಿದರು ಅಂತ ನನಗೆ ಗೊತ್ತಾಗುತ್ತಿದ್ದದ್ದು ಆ ಕೂಗು ನಿಂತಾಗ.